ಎರಡು ನಗರಗಳ ಹೆದ್ದಾರಿ, ನಾಲ್ಕು ತಾಲ್ಲೂಕುಗಳ ದಾರಿ

ಬೆಂಗಳೂರು–ಮೈಸೂರು ಹೆದ್ದಾರಿಯ ಕುರಿತು 2023ರಿಂದ ನಡೆದುಬಂದಿರುವ ವಾಗ್ವಾದದಲ್ಲಿ ರಸ್ತೆಯನ್ನು ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಒಂದೇ ಅಳತೆಗೋಲನ್ನು ಹಿಡಿದಿದ್ದಾರೆ. ಬೆಂಗಳೂರು ಬಿಟ್ಟ ಕಾರು ಮೈಸೂರನ್ನು ಎಷ್ಟು ನಿಮಿಷದಲ್ಲಿ ಮುಟ್ಟುತ್ತದೆ, ಅದಕ್ಕೆ ಎಷ್ಟು ಟೋಲ್ ಕಟ್ಟುತ್ತದೆ ಎಂಬುದರ ಆಚೆಗೆ ಚರ್ಚೆ ಹೋಗುವುದು ಅಪರೂಪ. ಈ ಅಳತೆಯಲ್ಲಿ ಮಂಡ್ಯ ಜಿಲ್ಲೆಯ ನೆಲವು ಬೇಗ ದಾಟಿ ಮುಗಿಸಬೇಕಾದ ದೂರವಾಗಿ ಕಾಣುತ್ತದೆಯೇ ಹೊರತು, ಬೆಳೆದು, ಮಾರಿ, ಮಕ್ಕಳನ್ನು ಓದಿಸಿ ಬದುಕುವವರ ನಾಡಾಗಿ ಕಾಣುವುದಿಲ್ಲ. ಒಬ್ಬ ಉಪವಿಭಾಗಾಧಿಕಾರಿಯ ಆಡಳಿತಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಒಳಗೊಂಡ ಪಾಂಡವಪುರ ಉಪವಿಭಾಗದ ಕಡೆಯಿಂದ ನೋಡಿದರೆ ಮಾತ್ರ ಈ ವಿವಾದದ ನಿಜವಾದ ಪ್ರಶ್ನೆ ಎದ್ದು ಬರುತ್ತದೆ: ಹೆದ್ದಾರಿಯ ಮಗ್ಗುಲಲ್ಲಿ ಸಾಗುವವರಿಗೂ ಅದನ್ನು ಅಡ್ಡ ದಾಟುವವರಿಗೂ ಸರಿಯಾದ ದಾರಿಯನ್ನು ಕೊಡದೆ, ಅವರ ಹಳೆಯ ದಾರಿಯನ್ನು ಮುಚ್ಚುವ ಅಧಿಕಾರ ಸರ್ಕಾರಕ್ಕೆ ನೈತಿಕವಾಗಿ ಇತ್ತೇ? ಇರಲಿಲ್ಲ ಎಂಬುದು ಈ ಲೇಖನದ ನಿಲುವು.

ನಿಲುವಿನ ಆಧಾರ ಮೊದಲಿಗೆ ಭೂಗೋಳದಲ್ಲಿದೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ಎರಡಾಗಿ ಒಡೆದು ದ್ವೀಪವನ್ನು ಬಳಸಿ ಹರಿಯುವುದರಿಂದ, ಉತ್ತರದ ಸೀಮೆಯವರು ಮೈಸೂರಿಗೆ ಬರುವ ಹೆಚ್ಚಿನ ದಾರಿಗಳು ಅಲ್ಲಿನ ಸೇತುವೆಗಳ ಕಡೆಗೆ ಕೂಡಿಕೊಳ್ಳುತ್ತವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲುಕಂಬಗಳ ಮೇಲೆ ಎದ್ದ ವೆಲ್ಲೆಸ್ಲಿ ಸೇತುವೆ ಈ ಅನಿವಾರ್ಯತೆಗೆ ಹಳೆಯ ಸಾಕ್ಷಿ. ನಾಗಮಂಗಲದವರು ಜಕ್ಕನಹಳ್ಳಿ, ಪಾಂಡವಪುರಗಳ ಮೇಲೆ ಇಳಿದು ಇಲ್ಲಿಗೇ ಬರುತ್ತಾರೆ. ಕೃಷ್ಣರಾಜಪೇಟೆ ತಾಲ್ಲೂಕಿನ ದಕ್ಷಿಣಕ್ಕೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಹರಡಿಕೊಂಡಿರುವುದರಿಂದ ಅಲ್ಲಿಯವರಲ್ಲಿ ಅನೇಕರು ಚಿನಕುರಳಿ, ಪಾಂಡವಪುರಗಳ ಮಾರ್ಗವಾಗಿ ಇಲ್ಲಿಗೇ ಸೇರುತ್ತಾರೆ, ಉಳಿದವರು ಪಶ್ಚಿಮಕ್ಕೆ ತಿರುಗಿ ಕೆ.ಆರ್. ನಗರದ ಕಡೆಯಿಂದ ಬಳಸುತ್ತಾರೆ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ಕೂಲಿ ಈ ಎಲ್ಲಕ್ಕೂ ಮೈಸೂರನ್ನು ನೆಚ್ಚಿಕೊಂಡ ಮೂರು ತಾಲ್ಲೂಕುಗಳ ಓಡಾಟ ಹೀಗೆ ನಾಲ್ಕನೆಯ ತಾಲ್ಲೂಕಿನ ಕೆಲವೇ ಕಿಲೋಮೀಟರ್ ರಸ್ತೆಯ ಮೇಲೆ ಬಂದು ಬೀಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕೊನೆಯ ಭಾಗ ಹಾದುಹೋಗುವುದು ಇದೇ ಇಕ್ಕಟ್ಟಿನಲ್ಲಿ. ಆದ್ದರಿಂದ ಈ ಭಾಗದಲ್ಲಿ ಹಾಕಿದ ಯಾವ ನಿರ್ಬಂಧವೂ ಒಂದು ಊರಿಗಷ್ಟೇ ತಟ್ಟುವಂಥದ್ದಲ್ಲ, ನಾಗಮಂಗಲದವರೆಗೂ ಮುಟ್ಟುತ್ತದೆ.

118 ಕಿಲೋಮೀಟರ್ ಉದ್ದದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚದ ಈ ರಸ್ತೆಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ದಶಪಥ ಎಂಬ ಹೆಸರು ಅಂದಿನಿಂದಲೇ ಜನರ ಬಾಯಲ್ಲಿ ನಿಂತಿತಾದರೂ ಅದರಲ್ಲಿ ಒಂದು ಲೆಕ್ಕದ ಜಾಣತನವಿದೆ. ನಡುವಿನ ಆರು ಪಥಗಳು ಮಾತ್ರ ಪ್ರವೇಶ ನಿಯಂತ್ರಿತ ಹೆದ್ದಾರಿ, ಎಂದರೆ ಗೊತ್ತುಪಡಿಸಿದ ಕಡೆ ಮಾತ್ರ ಏರಲು ಇಳಿಯಲು ಸಾಧ್ಯವಿರುವ, ಎರಡೂ ಬದಿಗೆ ಬೇಲಿ ಹಾಕಿದ ರಸ್ತೆ. ಉಳಿದ ನಾಲ್ಕು ಪಥಗಳು ಆಚೆಗೆ ಎರಡು, ಈಚೆಗೆ ಎರಡರಂತೆ ಹಂಚಿಹೋದ ಸರ್ವಿಸ್ ರಸ್ತೆಗಳು. ಹೊಗಳಿಕೆಯ ಸಂದರ್ಭದಲ್ಲಿ ಹತ್ತನ್ನೂ ಕೂಡಿಸಿ ಎಣಿಸುವ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ, ನಿರ್ವಹಣೆಯ ಸಂದರ್ಭದಲ್ಲಿ ಆರಕ್ಕೆ ನಿಲ್ಲುತ್ತದೆ ಎಂಬುದು ಸರ್ವಿಸ್ ರಸ್ತೆಯಲ್ಲಿ ಒಂದು ಮಳೆಗಾಲ ಓಡಾಡಿದ ಯಾರಿಗಾದರೂ ಗೊತ್ತು.

ಉದ್ಘಾಟನೆಯ ನಂತರದ ಮೊದಲ ತಿಂಗಳುಗಳಲ್ಲಿ ಅಪಘಾತಗಳಿಂದ ಅನೇಕ ಜನ ಸತ್ತರು. ಅದರ ಬೆನ್ನಿಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2023ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿ, ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರ್ ಮತ್ತು ಎತ್ತಿನ ಗಾಡಿಯಂಥ ಯಂತ್ರವಿಲ್ಲದ ವಾಹನಗಳು ಮುಖ್ಯ ರಸ್ತೆಗೆ ಬಾರದಂತೆ ನಿಷೇಧಿಸಿತು. ನಿಷೇಧವನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಗಂಟೆಗೆ ನೂರು ಕಿಲೋಮೀಟರ್ ವೇಗದ ಕಾರೂ, ಕಬ್ಬು ಹೇರಿದ ಟ್ರ್ಯಾಕ್ಟರೂ ಒಂದೇ ಪಥದಲ್ಲಿ ಓಡಿದರೆ ಹೆಣ ಬೀಳುವುದು ಖಚಿತ. ವೇಗದ ರಸ್ತೆಯಿಂದ ನಿಧಾನದ ವಾಹನವನ್ನು ದೂರವಿಡುವುದು ಜಗತ್ತಿನ ಎಲ್ಲ ಕಡೆಯೂ ಇರುವ ಪದ್ಧತಿ. ಜರ್ಮನಿಯ ಆಟೋಬಾನ್‌ಗೆ ಗಂಟೆಗೆ ಅರವತ್ತು ಕಿಲೋಮೀಟರ್‌ಗಿಂತ ಹೆಚ್ಚು ಓಡಲಾರದ ವಾಹನಗಳಿಗೆ ಪ್ರವೇಶವಿಲ್ಲ. ಅಲ್ಲಿ ಮೋಟಾರ್ ಸೈಕಲ್ಲಿಗೆ ಅಡ್ಡಿಯಿಲ್ಲ ಎಂಬುದನ್ನು ಇಲ್ಲಿನ ಸಮರ್ಥಕರು ಸಾಮಾನ್ಯವಾಗಿ ಎತ್ತುವುದಿಲ್ಲ, ಆದರೆ ಆ ತಕರಾರು ಇಲ್ಲಿ ಮುಖ್ಯವಲ್ಲ.

ಮುಖ್ಯವಾದದ್ದು, ನಿಷೇಧ ಹೇರಿದ ರಸ್ತೆ ಯಾರ ನೆಲದ ಮೇಲೆ, ಯಾವ ರಸ್ತೆಯ ಮೇಲೆ ಎದ್ದಿತು ಎಂಬುದು. 2002ರ ಹೊತ್ತಿಗೆ ಪೂರ್ತಿಯಾಗಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆಯೂ ದ್ವಿಚಕ್ರ ವಾಹನಗಳಿಗೆ ಅವಕಾಶವಿಲ್ಲ. ಆದರೆ ಅದು ಹೊಸ ನೆಲದ ಮೇಲೆ ಹೊಸದಾಗಿ ಹಾಕಿದ ರಸ್ತೆ. ಲೋಣಾವಳದ ಘಾಟಿನ ಮೇಲಿನ ಹಳೆಯ ಮುಂಬೈ–ಪುಣೆ ಹೆದ್ದಾರಿ ಮೊದಲಿನಂತೆ ಎಲ್ಲರಿಗೂ ತೆರೆದೇ ಉಳಿಯಿತು. ಬೆಂಗಳೂರು–ಮೈಸೂರಿನ ಮಟ್ಟಿಗೆ ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಬೈಪಾಸ್‌ಗಳಷ್ಟೇ ಹೊಸ ನೆಲದವು. ಉಳಿದೆಡೆ ಹೊಸ ರಸ್ತೆ ಹಳೆಯ ರಾಜ್ಯ ಹೆದ್ದಾರಿ 17ನ್ನೇ ನುಂಗಿ ಅಗಲವಾಯಿತು. ಆ ಹಳೆಯ ರಸ್ತೆಯಲ್ಲಿ ಎತ್ತಿನ ಗಾಡಿಯಿಂದ ಹಿಡಿದು ಐಷಾರಾಮಿ ಬಸ್ಸಿನವರೆಗೆ ಎಲ್ಲಕ್ಕೂ ಹಕ್ಕಿತ್ತು. ಜನರ ರೂಢಿಯ ದಾರಿಯನ್ನು ಕಸಿದು, ಅದರ ಬದಲಿಗೆ ಪಕ್ಕದಲ್ಲಿ ಒಂದು ದಾರಿ ಕೊಟ್ಟಿದ್ದೇವೆ ಎನ್ನುವುದಾದರೆ ಆ ಪಕ್ಕದ ದಾರಿ ಕಸಿದುಕೊಂಡದ್ದಕ್ಕೆ ಸಮನಾಗಿರಬೇಕು. 1997ರಲ್ಲಿ ಒಪ್ಪಂದವಾಗಿ, ಬೆಂಗಳೂರಿನ ಅಂಚು ದಾಟದೆ ನಿಂತುಹೋದ, ಇದೇ ಎರಡು ನಗರಗಳ ನಡುವಿನ ನೈಸ್ ಕಾರಿಡಾರ್ ಯೋಜನೆಯಾದರೂ ಪ್ರತ್ಯೇಕ ರಸ್ತೆಯೊಂದರ ಮಾತಾಡಿತ್ತು. ಭೂಸ್ವಾಧೀನದ ತೂಗುಗತ್ತಿಯನ್ನು ವರ್ಷಗಟ್ಟಲೆ ಮಂಡ್ಯದ ರೈತರ ತಲೆಯ ಮೇಲೆ ನೇತುಹಾಕಿದ ಆ ಯೋಜನೆಗಾಗಿ ಕಣ್ಣೀರು ಹಾಕಬೇಕಾಗಿಲ್ಲ, ಆದರೂ ಈ ಒಂದು ವ್ಯತ್ಯಾಸವನ್ನು ಗಮನಿಸಬೇಕು.

ಸಮನಾಗಿದೆಯೇ ಎಂಬುದನ್ನು ನೋಡಲು ಕಬ್ಬು ಅರೆಯುವ ಹಂಗಾಮಿಗಿಂತ ಒಳ್ಳೆಯ ಕಾಲವಿಲ್ಲ. ಪಾಂಡವಪುರ ರೈಲ್ವೆ ನಿಲ್ದಾಣದ ಸಮೀಪದಲ್ಲಿರುವ, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದ ಸಹಕಾರ ಸಕ್ಕರೆ ಕಾರ್ಖಾನೆಗೆ ಹೆದ್ದಾರಿಯ ಆಚೆ ಬದಿಯ ಹಳ್ಳಿಯಿಂದ ಕಬ್ಬು ಸಾಗಬೇಕೆಂದರೆ, ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮೊದಲು ಗದ್ದೆ ಬಯಲಿನಿಂದ ಸರ್ವಿಸ್ ರಸ್ತೆಗೆ ಹತ್ತಬೇಕು, ಅಂಡರ್‌ಪಾಸ್ ಸಿಗುವವರೆಗೆ ಸಾಗಬೇಕು, ಹೇರು ಸೂರಿಗೆ ತಾಗದಂತೆ ಅದರಡಿ ನುಸುಳಬೇಕು, ಆಚೆ ಬಂದ ಮೇಲೆ ಮತ್ತೆ ಹಿಂದಕ್ಕೆ ಅಷ್ಟೇ ದೂರ ಬರಬೇಕು. ಅದೇ ಸರ್ವಿಸ್ ರಸ್ತೆಯಲ್ಲಿ ಎದುರಿಗೆ ಬಸ್ಸು ಬರುತ್ತದೆ, ಪಕ್ಕದಲ್ಲಿ ಶಾಲೆಯ ಮಕ್ಕಳ ಸೈಕಲ್ಲು, ಡೇರಿಗೆ ಹಾಲಿನ ಕ್ಯಾನ್ ಹೊತ್ತ ಬೈಕು, ಬೆಲ್ಲ ತುಂಬಿ ಆಲೆಮನೆಯಿಂದ ಹೊರಟ ಗೂಡ್ಸ್ ಆಟೋ. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆ. ಬಳಸು ದಾರಿಗೆ ಡೀಸೆಲ್ ಸುಟ್ಟು ಪೂರೈಸದವರು ರಾಂಗ್ ಸೈಡಿನಲ್ಲಿ ನುಗ್ಗುತ್ತಾರೆ. ಆಗ ಮುಖ್ಯ ರಸ್ತೆಯಲ್ಲಿ ತಪ್ಪಿಸಿದ ಅಪಘಾತ ಪಕ್ಕದ ರಸ್ತೆಯಲ್ಲಿ ಕಾದು ಕುಳಿತಿರುತ್ತದೆ. ಅದನ್ನು ಹಳ್ಳಿಯವರ ಶಿಸ್ತಿಲ್ಲದ ನಡತೆ ಎಂದು ಬೈಯುವುದು ಸುಲಭ. ದಾಟುವ ಜಾಗವನ್ನು ದೂರ ದೂರಕ್ಕೆ ಇಟ್ಟವರು ಯಾರೆಂದು ಕೇಳುವುದು ಸ್ವಲ್ಪ ಕಷ್ಟ.

ಕಾನೂನಿನ ಕಡೆಯಿಂದಲೂ ಈ ಪ್ರಶ್ನೆಯನ್ನು ಕೇಳಬಹುದು, ಮತ್ತು ಅಲ್ಲಿ ಸರ್ಕಾರದ ಪಕ್ಷ ಇನ್ನೂ ದುರ್ಬಲವಾಗಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ 2023ರ ಜುಲೈ 1ರಂದು ಟೋಲ್ ಸಂಗ್ರಹ ಆರಂಭವಾದಾಗ ಪ್ರತಿಭಟನೆಗಳು ನಡೆದವು. ತಮ್ಮದೇ ಜಿಲ್ಲಾ ಕೇಂದ್ರವಾದ ಮಂಡ್ಯದ ಕಚೇರಿಗೋ ಕೋರ್ಟಿಗೋ ಕಾರಿನಲ್ಲಿ ಹೋಗುವವರು ಸುಂಕ ಕಟ್ಟಬೇಕೇ ಎಂಬುದು ಸ್ಥಳೀಯರ ಸಿಟ್ಟಿನ ತಿರುಳು. ಟೋಲ್ ದರಗಳನ್ನು ನಿರ್ಧರಿಸುವ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ, ಟೋಲ್ ಗೇಟಿನಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ವಾಸಿಸುವವರು ವಾಣಿಜ್ಯೇತರ ವಾಹನಕ್ಕೆ ತಿಂಗಳ ಪಾಸು ಪಡೆಯಬಹುದು, 2007–08ರ ಮೂಲದರ 150 ರೂಪಾಯಿ, ಅದು ವರ್ಷವರ್ಷ ಏರುತ್ತದೆ. ಆದರೆ ಸರ್ವಿಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಲಭ್ಯವಿದ್ದರೆ ಪಾಸು ಕೊಡತಕ್ಕದ್ದಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಸ್ಥಳೀಯರಿಗೆ ರಿಯಾಯಿತಿ ಏಕಿಲ್ಲ ಎಂದರೆ ಸರ್ವಿಸ್ ರಸ್ತೆ ಇದೆ ಎಂಬ ಉತ್ತರ, ಬೈಕಿಗೆ ಪ್ರವೇಶ ಏಕಿಲ್ಲ ಎಂದರೂ ಸರ್ವಿಸ್ ರಸ್ತೆ ಇದೆ ಎಂಬ ಉತ್ತರ ಸಿಗುತ್ತದೆ. ಹೀಗೆ ಎರಡೂ ನಿರಾಕರಣೆಗಳಿಗೆ ಆಧಾರವಾದ ರಸ್ತೆ ಎಡೆಬಿಡದೆ ಸಾಗದಿದ್ದರೆ, ಸೇತುವೆಯ ಬಳಿ ಕಿರಿದಾಗುತ್ತಿದ್ದರೆ, ರಾತ್ರಿ ದೀಪವಿಲ್ಲದೆ ಇದ್ದರೆ, ಆ ನಿರಾಕರಣೆಗಳ ತಳಹದಿಯೇ ಕುಸಿಯುತ್ತದೆ. ಸರ್ವಿಸ್ ರಸ್ತೆಯ ಗುಣಮಟ್ಟ ಆದ್ದರಿಂದ ಪ್ರಾಧಿಕಾರದ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಅದು ಟೋಲ್ ಎತ್ತುವ ಹಕ್ಕಿನ ಪೂರ್ವಷರತ್ತು.

ಇದೇ ನಿರ್ಲಕ್ಷ್ಯ ರೈಲಿನಲ್ಲಿಯೂ ಕಾಣುತ್ತದೆ. ಧಾತು–ಈಶ್ವರ ಸಂವತ್ಸರಗಳ ಮಹಾಬರದ ಕಾಲದಲ್ಲಿ ಕೆಲಸ ಶುರುವಾಗಿ 1880ರ ದಶಕದ ಆರಂಭದಲ್ಲಿ ಮೈಸೂರು ಮುಟ್ಟಿದ ಬೆಂಗಳೂರು–ಮೈಸೂರು ಮಾರ್ಗ ಈ ಸೀಮೆಯ ಊರುಗಳ ನಡುವೆಯೇ ಹಾದಿತು. ಫ್ರೆಂಚ್ ರಾಕ್ಸ್ ಎಂಬ ಹಳೆಯ ಹೆಸರು ಹೊತ್ತಿದ್ದ ಪಾಂಡವಪುರಕ್ಕೂ ಒಂದು ನಿಲ್ದಾಣ ಸಿಕ್ಕಿತು. ಕೃಷ್ಣರಾಜಪೇಟೆ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ, ಮೈಸೂರು–ಅರಸೀಕೆರೆ ಮಾರ್ಗ ಅಕ್ಕಿಹೆಬ್ಬಾಳು, ಮಂದಗೆರೆಗಳಲ್ಲಿ ತಾಲ್ಲೂಕಿನ ಅಂಚನ್ನು ಸವರಿ ಹೋಗುತ್ತದೆ. ನಾಗಮಂಗಲ ಪಟ್ಟಣಕ್ಕೂ ಇಲ್ಲ, 2017ರಲ್ಲಿ ತೆರೆದ ಬೆಂಗಳೂರು–ಹಾಸನ ಮಾರ್ಗದ ಬಿ.ಜಿ. ನಗರ ನಿಲ್ದಾಣ ತಾಲ್ಲೂಕಿನ ಇನ್ನೊಂದು ತುದಿಯಲ್ಲಿದೆ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರ ಅಡ್ಡಬಂದಾಗ, ಇಡೀ ಕಟ್ಟಡವನ್ನೇ ಬುಡಸಹಿತ ಎತ್ತಿ, ಹಳಿಗಳ ಮೇಲೆ ಜಾರಿಸಿ, 2017ರಲ್ಲಿ ನೂರು ಮೀಟರ್‌ಗೂ ಹೆಚ್ಚು ದೂರಕ್ಕೆ ಸರಿಸಿ ಕೂರಿಸಲಾಯಿತು. ಮೆಚ್ಚಬೇಕಾದ ಕೆಲಸವೇ ಅದು. ಅಷ್ಟು ಸಾಹಸಪಟ್ಟು ಜೋಡಿಮಾಡಿದ ಹಳಿಯ ಮೇಲೆ 2022ರ ನವೆಂಬರಿನಿಂದ ಓಡುವ ವಂದೇ ಭಾರತ್ ಪಾಂಡವಪುರದಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕೆಂದು ಯಾರೂ ಹಟ ಹಿಡಿಯಬೇಕಾಗಿಯೂ ಇಲ್ಲ, ಏಕೆಂದರೆ ಇಲ್ಲಿಯವರಿಗೆ ಬೇಕಿರುವುದು ಬೆಳಿಗ್ಗೆ ಮೈಸೂರಿಗೆ ಕರೆದೊಯ್ದು ಸಂಜೆ ತಂದು ಬಿಡುವ ಪ್ಯಾಸೆಂಜರ್ ಗಾಡಿಗಳ ಸಂಖ್ಯೆ, ಮತ್ತು ಊರಿಂದ ದೂರವಿರುವ ನಿಲ್ದಾಣಕ್ಕೆ ಗಾಡಿಯ ಹೊತ್ತಿಗೆ ಸರಿಯಾಗಿ ಬರುವ ಬಸ್ಸು.

ಬಸ್ಸಿನ ಕಥೆಯೂ ಬೇರೆಯಲ್ಲ. ಬೈಪಾಸ್ ಮೇಲೆ ಹೋಗುವ ತಡೆರಹಿತ ಬಸ್ಸು ಊರೊಳಗಿನ ಬಸ್ ನಿಲ್ದಾಣಕ್ಕೆ ಇಳಿಯುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಮಹಿಳೆಯರಿಗೆ ಟಿಕೆಟ್ಟನ್ನು ಉಚಿತ ಮಾಡಿತೇ ಹೊರತು ಅವರ ಊರಿಗೆ ಬಸ್ಸನ್ನು ತಂದು ನಿಲ್ಲಿಸಲಿಲ್ಲ. ನಾಗಮಂಗಲವನ್ನು ಕೃಷ್ಣರಾಜಪೇಟೆಗೆ ಜೋಡಿಸುವ ಬೆಂಗಳೂರು–ಜಾಲ್ಸೂರು ರಾಜ್ಯ ಹೆದ್ದಾರಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಪೋಣಿಸುತ್ತ ಜೇವರ್ಗಿಯಿಂದ ಚಾಮರಾಜನಗರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ, ಇವೇ ಈ ಉಪವಿಭಾಗದ ಸ್ವಂತ ಬೆನ್ನೆಲುಬುಗಳು. ರಾಜಧಾನಿಯ ಕಣ್ಣು ಮಾತ್ರ ಯಾವಾಗಲೂ ಇನ್ನೊಂದು ರಸ್ತೆಯ ಮೇಲೆ.

ಇಷ್ಟೆಲ್ಲದರ ಹೊಣೆಯನ್ನು ದೆಹಲಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಸ್ಥಳೀಯ ರಾಜಕಾರಣವೂ ಕ್ಷಮೆಗೆ ಅರ್ಹವಲ್ಲ. ಹೆದ್ದಾರಿ ತಮ್ಮಿಂದಲೇ ಬಂತು ಎಂದು ಪಕ್ಷಗಳು ಪೈಪೋಟಿಯಲ್ಲಿ ಹೇಳಿಕೊಂಡವು, ಟೋಲ್ ಬಂದಾಗ ಅದು ಎದುರು ಪಕ್ಷದ್ದು ಎಂದವು, ತಮ್ಮ ಹಿಂಬಾಲಕರ ಹೋಟೆಲು, ಪೆಟ್ರೋಲ್ ಬಂಕುಗಳ ಎದುರು ಇಳಿದಾರಿ ಬೇಕೆಂದು ಮನವಿ ಬರೆಸಿದವರಿಗೂ ಕೊರತೆಯಿಲ್ಲ. ಶ್ರೀರಂಗಪಟ್ಟಣದ ಬಳಿಯ ಕಿರಂಗೂರಿನಿಂದ ಮೈಸೂರಿನವರೆಗೆ ಬೈಕಿನಲ್ಲಿ ಹೋಗುವ ಕೂಲಿಗಾರನಿಗೆ ಎಡೆಬಿಡದ ಒಂದು ದಾರಿ ಎಂಬ ಬೇಡಿಕೆ ಯಾವ ಮನವಿಯ ಮೊದಲ ಸಾಲಿನಲ್ಲೂ ಕಾಣಿಸಲಿಲ್ಲ. ಟೋಲ್ ರದ್ದಾಗಲಿ ಎಂಬ ಘೋಷಣೆಗೆ ಚಪ್ಪಾಳೆ ಬೀಳುತ್ತದೆ, ಆದರೆ ಸುಂಕ ರದ್ದಾದರೆ ಲಾಭ ಕಾರಿನವನಿಗೆ. ಸರ್ವಿಸ್ ರಸ್ತೆ ಸರಿಯಾದರೆ ಲಾಭ ಟ್ರ್ಯಾಕ್ಟರ್, ಸ್ಕೂಟರು, ಸೈಕಲ್ಲು ಮತ್ತು ನಡೆದು ಹೋಗುವವರಿಗೆ. ಚಳವಳಿಗಾರರು ಈ ಎರಡರಲ್ಲಿ ಮೊದಲು ಯಾವುದನ್ನು ಕೇಳುತ್ತಾರೆ ಎಂಬುದರ ಮೇಲೆ ಅವರು ಯಾರ ಪರ ಎಂಬುದೂ ತಿಳಿಯುತ್ತದೆ.

ಟೋಲ್ ದರ ಪ್ರತಿ ವರ್ಷ ಏಪ್ರಿಲ್ 1ರಂದು ಪರಿಷ್ಕರಣೆಗೊಳ್ಳುತ್ತದೆ, ಅದಕ್ಕೆ ಯಾರ ಅರ್ಜಿಯೂ ಬೇಕಾಗಿಲ್ಲ. ಅದೇ ದಿನಾಂಕಕ್ಕೆ ಮುನ್ನ ಪ್ರತಿ ವರ್ಷ ಗಣಂಗೂರು ಟೋಲಿನ ಎರಡೂ ಬದಿಯ ಸರ್ವಿಸ್ ರಸ್ತೆಯನ್ನು ಉಪವಿಭಾಗಾಧಿಕಾರಿ ಮತ್ತು ಪ್ರಾಧಿಕಾರದ ಎಂಜಿನಿಯರ್ ಜಂಟಿಯಾಗಿ, ಜೀಪಿನಲ್ಲಲ್ಲದೆ ಟ್ರ್ಯಾಕ್ಟರಿನಲ್ಲಿ, ಪರಿಶೀಲಿಸಿ, ಎಲ್ಲೆಲ್ಲಿ ರಸ್ತೆ ಕಡಿದಿದೆ, ಎಲ್ಲೆಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ತಾಲ್ಲೂಕು ಕಚೇರಿಯ ಗೋಡೆಗೆ ಹಚ್ಚಬೇಕು. ಆ ಪಟ್ಟಿಯಲ್ಲಿ ಒಂದು ಸಾಲಾದರೂ ಉಳಿದಿರುವವರೆಗೆ ದರ ಏರಿಸುವಂತಿಲ್ಲ ಎಂದು ನಿಯಮಕ್ಕೆ ತಿದ್ದುಪಡಿ ತರುವಂತೆ ಮಂಡ್ಯದ ಲೋಕಸಭಾ ಸದಸ್ಯರು ಸಂಸತ್ತಿನಲ್ಲಿ ಕೇಳಬೇಕು.