ರೈಲಿನ ನಷ್ಟ ಯಾರ ತಲೆಯ ಮೇಲೆ?

ರೈಲು ನಷ್ಟದಲ್ಲಿದೆ, ದರ ಏರಿಸದೆ ಗತ್ಯಂತರವಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಐರಣಿಯಂತಹ ಹೊಳೆದಂಡೆಯ ಊರಿನಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆಯೇ ಕಾಣುತ್ತದೆ. ಇಲ್ಲಿಯ ರೈತ ಮೊದಲು ಬಸ್ಸು ಹಿಡಿದು ರಾಣೇಬೆನ್ನೂರು ಸೇರಬೇಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೋ ಹುಬ್ಬಳ್ಳಿಯ ಆಸ್ಪತ್ರೆಗೋ ರೈಲು ಸಿಗುವುದು ಆಮೇಲೆ.

100 ರೂಪಾಯಿ ವೆಚ್ಚದ ಪ್ರಯಾಣಕ್ಕೆ ರೈಲ್ವೆಯು ಸರಾಸರಿ 54 ರೂಪಾಯಿ ಮಾತ್ರ ಪಡೆಯುತ್ತದೆಂದು ಕೇಂದ್ರ ಸಚಿವರು 2024ರಲ್ಲಿ ಸಂಸತ್ತಿಗೆ ತಿಳಿಸಿದರು. ಉಳಿದ ಕೊರತೆಯ ಬಹುಪಾಲನ್ನು ಸರಕು ಸಾಗಣೆಯ ಆದಾಯ ತುಂಬುತ್ತದೆ. ಕಲ್ಲಿದ್ದಲಿನ ಬಾಡಿಗೆ ಹೆಚ್ಚಿದರೆ ವಿದ್ಯುತ್ತು ತುಟ್ಟಿ, ಸಿಮೆಂಟಿನ ಬಾಡಿಗೆ ಹೆಚ್ಚಿದರೆ ಮನೆ ತುಟ್ಟಿ. ರೈಲು ಹತ್ತದವನೂ ಹೀಗೆ ಪಾಲು ಕೊಡುತ್ತಿದ್ದಾನೆ, ಅವನಿಗೆ ಅದು ಗೊತ್ತಿಲ್ಲ ಅಷ್ಟೆ. ಸಹಾಯಧನ ತಪ್ಪೆಂದು ನಾನು ಹೇಳುವುದಿಲ್ಲ. ಅದನ್ನು ಸರಕಿನ ಬಾಡಿಗೆಯಲ್ಲಿ ಅಡಗಿಸುವುದು ತಪ್ಪು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಗ್ಗೆ ಎಷ್ಟೇ ತಕರಾರಿರಲಿ, ಮಹಿಳೆಯರ ಬಸ್ ಪ್ರಯಾಣಕ್ಕೆ ಸರ್ಕಾರ ಕೊಡುವ ಹಣ ಬಜೆಟ್ಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ರೈಲಿಗೂ ಅದೇ ಕ್ರಮ ಬೇಕು.

ಸರ್ಕಾರದ ಆಸರೆಯಿಲ್ಲದೆ ಈ ಭಾಗಕ್ಕೆ ರೈಲು ಮೊದಲೂ ಬರಲಿಲ್ಲ. 1876-78ರ ಭೀಕರ ಬರದ ನಂತರ ಕಾಳುಕಡಿ ತಲುಪಿಸಲು ಹಳಿ ಬೇಕೆಂಬ ಅರಿವು ಮೂಡಿತು. ಆಗ ಹಳಿ ಹಾಕಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಬಂಡವಾಳಕ್ಕೆ ಬಡ್ಡಿಯ ಖಾತರಿ ಕೊಟ್ಟದ್ದು ಸರ್ಕಾರವೇ.

ಈಗ ಶಿವಮೊಗ್ಗ–ಶಿಕಾರಿಪುರ–ರಾಣೇಬೆನ್ನೂರು ಹೊಸ ಮಾರ್ಗದ ಮಾತು. 2023ರ ಫೆಬ್ರುವರಿಯಲ್ಲಿ ಇದಕ್ಕೆ ಶಂಕುಸ್ಥಾಪನೆಯಾಯಿತು. ಅರ್ಧ ವೆಚ್ಚ ರಾಜ್ಯದ್ದು, ಭೂಮಿಯನ್ನೂ ರಾಜ್ಯವೇ ಉಚಿತವಾಗಿ ಕೊಡಬೇಕು. ಆ ಭೂಮಿಯ ಬಹುಪಾಲು ರೈತರದು. ಇಷ್ಟು ಕೊಟ್ಟ ಮೇಲೆ ರೈಲು ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಬರಬೇಕು ಎಂದು ಕೇಳುವ ಹಕ್ಕು ನಮಗಿಲ್ಲವೇ?

ತುಂಗಾ ಮೇಲ್ದಂಡೆಯ ಮುಖ್ಯ ಕಾಲುವೆ ಊರ ಪಕ್ಕದಲ್ಲೇ ಹರಿದರೂ ಹೊಲಗಾಲುವೆ ಇಲ್ಲದಿದ್ದರೆ ಪೈರು ಒಣಗುತ್ತದೆ. ಹುಬ್ಬಳ್ಳಿ–ಚಿಕ್ಕಜಾಜೂರು ಮಾರ್ಗ ಈಗ ಜೋಡಿಹಳಿಯಾಗಿದೆ, ವಿದ್ಯುದೀಕರಣವೂ ಆಗಿದೆ. ವೇಗದ ಗಾಡಿಗಳು ಓಡಲಿ, ಬೇಡವೆನ್ನುವುದಿಲ್ಲ. ಆದರೆ ದೇವರಗುಡ್ಡದಂತಹ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿಯೇ ನಮ್ಮ ಹೊಲಗಾಲುವೆ. 2020ರಲ್ಲಿ ನಿಂತ ಇಂತಹ ಗಾಡಿಗಳು ಮರಳಿ ಬಂದಾಗ ಕನಿಷ್ಠ ದರ 10ರಿಂದ 30 ರೂಪಾಯಿಗೆ ಏರಿತ್ತು. 2024ರ ಫೆಬ್ರುವರಿಯವರೆಗೂ ಅದು ಇಳಿಯಲಿಲ್ಲ. ಕೂಲಿಗೆ ಹೋಗುವವರಿಗೆ ಹೋಗಿಬರಲು ದಿನಕ್ಕೆ 40 ರೂಪಾಯಿ ಹೆಚ್ಚು ಎಂದರೆ ಸಣ್ಣ ಮಾತಲ್ಲ.

ತರಬೇತಿಗೆ ಬಂದಿದ್ದ ರೈತರೊಬ್ಬರು ಹೇಳಿದ್ದು ನೆನಪಿಗೆ ಬರುತ್ತದೆ. ಅವರು ರೈಲು ಇಳಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟುಹೋಗಿತ್ತು, ರಾತ್ರಿಯನ್ನು ನಿಲ್ದಾಣದ ಕಟ್ಟೆಯ ಮೇಲೆ ಕಳೆದರಂತೆ. ಬಸ್ಸಿಗೂ ಸರ್ಕಾರದ ಹಣ, ರೈಲಿಗೂ ಸರ್ಕಾರದ ಹಣ. ಎರಡರ ವೇಳಾಪಟ್ಟಿಯನ್ನು ಒಂದೇ ಮೇಜಿನ ಮೇಲಿಟ್ಟು ಹೊಂದಿಸಲು ಹೊಸ ಹಳಿಯೇನೂ ಬೇಕಿಲ್ಲ.

ರೈತ ಬಾಂಧವರೇ, ಹೊಸ ಮಾರ್ಗಕ್ಕೆ ನಿಮ್ಮ ಹೊಲ ಹೋಗುವುದಾದರೆ ಸಭೆಯಲ್ಲಿ ಎಕರೆಯ ಬೆಲೆಯನ್ನಷ್ಟೇ ಮಾತಾಡಿ ಎದ್ದು ಬರಬೇಡಿ. ಹತ್ತಿರದ ನಿಲುಗಡೆ ಯಾವುದು, ಅಲ್ಲಿಂದ ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿರಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.