ಗಾಲಿಕುರ್ಚಿ ಕೊಟ್ಟ ಮರುದಿನ

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆ ವಾರ ಯಾವ ಜಿಲ್ಲಾ ಕೇಂದ್ರಕ್ಕೆ ಹೋದರೂ ಶಾಮಿಯಾನದ ಮುಂದೆ ತ್ರಿಚಕ್ರ ಸೈಕಲ್‌ಗಳ ಸಾಲು, ಹ್ಯಾಂಡಲ್‌ಗಳಿಗೆ ಚೆಂಡುಹೂವಿನ ಮಾಲೆ, ಹಿಂದೆ ದಾನಿಗಳ ಹೆಸರಿನ ಬ್ಯಾನರ್. ಫಲಾನುಭವಿಯನ್ನು ಕೂರಿಸಿ ಫೋಟೊ ತೆಗೆಯುತ್ತಾರೆ. ಸಂಜೆ ಹೊತ್ತಿಗೆ ಮೈದಾನ ಖಾಲಿ. ಕೊಟ್ಟವರ ಮನಸ್ಸಿನ ಬಗ್ಗೆ ನನಗೆ ತಕರಾರಿಲ್ಲ. ಸೈಕಲ್ ಊರು ಮುಟ್ಟಿದ ಮೇಲಿನ ಕಥೆಯನ್ನು ಯಾರೂ ವಿಚಾರಿಸುವುದಿಲ್ಲ ಎಂಬುದೇ ತಕರಾರು.

ಯಾದಗಿರಿ ತಾಲ್ಲೂಕಿನ ಹತ್ತಿಕುಣಿ ಹೋಬಳಿಯನ್ನೇ ನೋಡಿ. ಜಲಾಶಯದಿಂದಾಗಿ ಹೊರಗಿನವರಿಗೂ ಹೆಸರು ಗೊತ್ತಿರುವ ಊರು. ಸುತ್ತ ಹಳ್ಳಿಗಳು, ತಾಂಡಾಗಳು. ಸುಗ್ಗಿ ಮುಗಿದರೆ ಕೈಕಾಲು ಗಟ್ಟಿ ಇದ್ದವರು ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು ಮತ್ತು ಅಂಗವಿಕಲರು. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಸೈಕಲ್ ಅಲ್ಲಾಡುವುದಿಲ್ಲ. ಕೈಯಿಂದ ತಿರುಗಿಸುವ ಪೆಡಲ್ಲಿನ ಚೈನು ಕಳಚಿದರೆ, ಸೀಟಿನಲ್ಲಿ ಕೂತವರು ಬಗ್ಗಿ ಹಾಕಿಕೊಳ್ಳಲಾರರು. ತಳ್ಳಿಕೊಂಡು ಸೈಕಲ್ ಶಾಪಿಗೆ ಒಯ್ಯಬೇಕಾದ ಮಗ ಊರಲ್ಲಿಲ್ಲ. ಹೀಗೆ ನಿಂತ ಸೈಕಲ್ಲಿನ ಮೇಲೆ ಆಮೇಲೆ ಮೇವಿನ ಹೊರೆ ಒಣಗುತ್ತದೆ.

ಶ್ರವಣ ಸಾಧನದ ಪಾಡು ಇನ್ನೂ ವಿಚಿತ್ರ. ಕಿವಿಯ ಹಿಂದೆ ಸಿಕ್ಕಿಸುವ ಯಂತ್ರಕ್ಕೆ ಸಣ್ಣ ಗುಂಡಿಯಂಥ ಸೆಲ್ ಬೇಕು. ಅದರ ಮೇಲಿನ ಅಂಟುಪಟ್ಟಿ ಕಿತ್ತು ಗಾಳಿ ತಾಕಿಸಿದ ಕ್ಷಣದಿಂದ ಅದು ಸವೆಯತೊಡಗುತ್ತದೆ; ಯಂತ್ರ ಹಾಕಿಕೊಳ್ಳದೆ ಇಟ್ಟರೂ ಸವೆಯುತ್ತದೆ. ವಾರ, ಹತ್ತು ದಿನ, ಬಹಳವೆಂದರೆ ಎರಡು ವಾರ. ಬೀಡಿ, ಬೆಂಕಿಪೊಟ್ಟಣ, ಟಾರ್ಚಿನ ಸೆಲ್ ಇಡುವ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಸಾವಿರಾರು ರೂಪಾಯಿಯ ಯಂತ್ರ ಕೆಲವು ರೂಪಾಯಿಯ ಸೆಲ್ಲಿಲ್ಲದೆ ಗೂಡಿನಲ್ಲಿ ಕೂರುತ್ತದೆ.

ಇಲ್ಲಿ ಒಂದು ಸರ್ಕಾರಿ ನಿಯಮವನ್ನೂ ಗಮನಿಸಬೇಕು. ಸಾಧನ ಸಲಕರಣೆ ವಿತರಿಸುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ಇದೆ. ಒಮ್ಮೆ ಸಾಧನ ಪಡೆದ ವಯಸ್ಕರು ಅದರಡಿ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಒಬ್ಬರೇ ಪದೇ ಪದೇ ಪಡೆಯದಿರಲಿ ಎಂಬ ಲೆಕ್ಕ ಸರಿಯೇ. ಆದರೆ ಅಳತೆ ತಪ್ಪಿದ ಗಾಲಿಕುರ್ಚಿ ಪಡೆದವರ ಗತಿ? ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡವರಿಗೆ ಹೊಂದದ ಸೀಟು ಎಂದರೆ ಒತ್ತಡದ ಹುಣ್ಣು; ಹುಣ್ಣು ನಂಜಾದರೆ ಜೀವಕ್ಕೇ ಕುತ್ತು. ಬಡ ಪ್ರದೇಶಗಳಲ್ಲಿ ಗಾಲಿಕುರ್ಚಿ ಕೊಡುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅಳತೆ ತೆಗೆಯಬೇಕು, ಕೂರಿಸಿ ಹೊಂದಿಸಬೇಕು, ಬಳಸಲು ಕಲಿಸಬೇಕು, ಆಮೇಲೂ ಹೋಗಿ ವಿಚಾರಿಸಬೇಕು ಎನ್ನುತ್ತದೆ ಅದು. ನಮ್ಮ ವೇದಿಕೆಗಳಲ್ಲಿ ಇದಾವುದಕ್ಕೂ ಪುರುಸೊತ್ತಿಲ್ಲ. ಕಾರ್ಯಕ್ರಮ ಶುರುವಾಗುವುದೇ ಎರಡು ತಾಸು ತಡ.

ಕೊಡುವುದೇನೂ ಈ ನೆಲಕ್ಕೆ ಹೊಸದಲ್ಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹ, ತಿಂಥಣಿ ಮೌನೇಶ್ವರನ ಜಾತ್ರೆ, ಗೋಗಿಯ ದರ್ಗಾ ಎಂದು ಉಣ್ಣಿಸುವ ಕೈಗಳು ಇಲ್ಲಿ ಎಲ್ಲ ಧರ್ಮದಲ್ಲೂ ಇವೆ. ಆದರೆ ಅನ್ನದ ದಾನ ಉಂಡೆದ್ದವರ ಮಟ್ಟಿಗೆ ಅಲ್ಲಿಗೇ ಪೂರ್ಣ. ಯಂತ್ರದ ದಾನ ಹಾಗೆ ಪೂರ್ಣವಾಗುವುದಿಲ್ಲ. ಅದಕ್ಕೆ ಹೋಲಿಸಬಹುದಾದ ಮೇಲ್ಪಂಕ್ತಿ ಗದಗಿನಲ್ಲಿದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಶಾಲೆ ನಡೆಸಿದರು. ಅವರ ಬಳಿಕ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜ ಗವಾಯಿಗಳು (1914–2010) ಮುನ್ನಡೆಸಿದರು, ಅವರೂ ಅಂಧರೇ. ನಾಟಕ ಕಂಪನಿ ಕಟ್ಟಿ ಬಂದ ಹಣದಲ್ಲಿ ಮಕ್ಕಳನ್ನು ಸಾಕಿದರು. ಜನ ಕೊಟ್ಟ ಕಾಳುಕಡಿ ವರ್ಷಗಟ್ಟಲೆ ನಡೆದ ಕಲಿಕೆಗೆ ಆಸರೆಯಾಯಿತು. ಯಾರಿಗೆ ಏನು ಬೇಕು ಎಂದು ತೀರ್ಮಾನಿಸುತ್ತಿದ್ದವರೂ ಅದೇ ಕಷ್ಟ ಉಂಡವರಾಗಿದ್ದರು. ಇವತ್ತಿನ ವಿತರಣಾ ಸಮಿತಿಗಳಲ್ಲಿ ಅಂಥವರು ಎಷ್ಟು ಮಂದಿ?

ಯಾದಗಿರಿ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ, ವಿಷಯ ಬೇರೆಯಾದರೂ. ಅಜೀಂ ಪ್ರೇಮ್‌ಜಿ ಫೌಂಡೇಷನ್ 2004ರ ಸುಮಾರಿಗೆ ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲೆಯ ಕೆಲಸ ಕೈಗೆತ್ತಿಕೊಂಡಿತು. ಒಂದೇ ತಾಲ್ಲೂಕು, ಹಲವು ವರ್ಷ. ಬ್ಯಾಗು, ಪುಸ್ತಕ ಹಂಚಿ ಹೋಗುವ ಬದಲು ಮೇಷ್ಟ್ರ ಜೊತೆ ಕೂರುವವರನ್ನು ಅಲ್ಲೇ ಇರಿಸಿತು. ಮನುಷ್ಯರ ಸಂಬಳಕ್ಕೆ ಹಣ ಕೊಡುವುದನ್ನು ದಾನ ಎಂದು ಒಪ್ಪಲು ನಮ್ಮ ದಾನಿಗಳಿಗೆ ಇನ್ನೂ ಕಷ್ಟ.

ಕಾನೂನಂತೂ ಅಡ್ಡ ಬರುವುದಿಲ್ಲ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು, ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ. ಶುರುವಾದ ವರ್ಷದ ನಂತರ ಮೂರು ವರ್ಷದವರೆಗೆ ಒಂದೇ ಕೆಲಸ ಮುಂದುವರಿಸಲು ನಿಯಮದಲ್ಲೇ ಅವಕಾಶವಿದೆ. ಇದೇ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ರೈತರ ಜಮೀನು ಹೋಗಿದೆ, ಔಷಧ ಕಾರ್ಖಾನೆಗಳು ಬಂದಿವೆ. ಹೋಬಳಿಗೊಬ್ಬ ದುರಸ್ತಿಗಾರ, ತಿಂಗಳಿಗೊಮ್ಮೆ ಬರುವ ಫಿಸಿಯೋಥೆರಪಿಸ್ಟ್ ಎಂದರೆ ಅಂಥ ಕಾರ್ಖಾನೆಗಳಿಗೆ ದೊಡ್ಡ ಹೊರೆಯಲ್ಲ.

ದಾನಿಗಳನ್ನು ಹೊಗಳುವ ಭರದಲ್ಲಿ ಪಂಚಾಯಿತಿಯನ್ನು ಮರೆಯುವ ಅಪಾಯವೂ ಇದೆ. ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ಆದೇಶ ರಾಜ್ಯದಲ್ಲಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಡತನ ನಿವಾರಣೆ ಯೋಜನೆಗಳಲ್ಲೂ ಶೇ 5ರ ಪಾಲು ಹೇಳಿದೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುಪಾಲು ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಯಾರ ಮನೆಯ ಸೈಕಲ್ ಕೆಟ್ಟಿದೆ, ಯಾವ ಮಗುವಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬಂದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಊರಿಗೆ ಬರುವ ದಾನಿ ಮೊದಲು ಭೇಟಿಯಾಗಬೇಕಾದದ್ದು ಅವರನ್ನು. ಆಗುತ್ತಿರುವುದೇನೆಂದರೆ, ಜನ ಸೇರಿಸಲು, ಪಟ್ಟಿ ಬರೆಯಲು ಅವರು, ವೇದಿಕೆಯಲ್ಲಿ ಬೇರೆಯವರು.

ಥೆರಪಿಗೆ ಹೋಗಿಬರುವ ಪ್ರಯಾಣದ ಖರ್ಚನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ತಿಂಗಳ ಪಿಂಚಣಿ ಶೇ 40ರಿಂದ 75ರಷ್ಟು ಅಂಗವಿಕಲತೆ ಇದ್ದರೆ 800 ರೂಪಾಯಿ, ಮೇಲ್ಪಟ್ಟರೆ 1,400. ಬಸ್ಸಿಗೆ ರಿಯಾಯಿತಿ ಪಾಸ್ ಇದೆ, 2023ರ ಜೂನ್‌ನಿಂದ ಜೊತೆಗೆ ಹೋಗುವ ತಾಯಿಗೆ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ. ಆದರೂ ಬೆಳೆದ ಮಗನನ್ನು ಎತ್ತಿ ಬಸ್ಸಿನ ಮೆಟ್ಟಿಲು ಹತ್ತಿಸುವುದು ಅವಳೊಬ್ಬಳಿಂದ ಆಗದು. ಆಟೊ ಮಾಡಬೇಕು, ಇಲ್ಲವೇ ತಂದೆ ಕೂಲಿ ಬಿಡಬೇಕು. ಥೆರಪಿ ಉಚಿತವಾಗಿದ್ದರೂ ಮೂರನೇ ಸಲಕ್ಕೆ ಹೋಗುವುದು ನಿಲ್ಲುವುದು ಇದರಿಂದ. ಆ ಆಟೊ ಬಾಡಿಗೆ ಕೊಡುವವರನ್ನು ನಾವು ದಾನಿಗಳೆಂದು ಗುರುತಿಸುವುದೇ ಇಲ್ಲ.

ಹಾಗಾಗಿ ನನ್ನ ಸೂಚನೆ ಸಣ್ಣದು. ನೂರು ಸೈಕಲ್ ಕೊಡುವ ಹಣವಿದ್ದವರು ಎಪ್ಪತ್ತು ಕೊಡಲಿ. ಉಳಿದ ಹಣ ಟ್ಯೂಬ್, ಚೈನು, ಸೆಲ್, ಆಟೊ ಬಾಡಿಗೆಗೆ ಮೂರು ವರ್ಷ ಇರಲಿ. ಹತ್ತಿಕುಣಿಯಂಥ ಹೋಬಳಿ ಊರಿನ ಸೈಕಲ್ ಶಾಪಿನವನ ಜೊತೆ ತಿಂಗಳ ಲೆಕ್ಕದಲ್ಲಿ ಒಪ್ಪಂದವಾಗಲಿ. ಬಿಲ್ಲಿಗೆ ಪುನರ್ವಸತಿ ಕಾರ್ಯಕರ್ತರ ಸಹಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದು. ಬ್ಯಾನರ್ ಬೇಕೇ ಬೇಕು ಎನ್ನುವವರು ಆ ಶಾಪಿನ ತಗಡಿನ ಮೇಲೆ ಹೆಸರು ಬರೆಸಿಕೊಳ್ಳಲಿ, ಯಾರದೂ ಅಡ್ಡಿಯಿಲ್ಲ.