ಮಸೀದಿಯ ಕುರ್ಚಿಗಳು ಮತ್ತು ಅಂಗೈಯ ಪರದೆ

ಇಶಾ ನಮಾಝ್ ಮುಗಿಸಿ ಕಮರಿಪೇಟೆಯ ಓಣಿಗಳಲ್ಲಿ ನಡೆದುಹೋಗುವಾಗ ಒಂದು ದೃಶ್ಯ ತಪ್ಪದೆ ಕಾಣಿಸುತ್ತದೆ. ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ವರು ಕುಳಿತಿರುತ್ತಾರೆ. ನಾಲ್ವರ ಮುಖದ ಮೇಲೂ ಮೊಬೈಲಿನ ಬೆಳಕು. ಮಾತಿಲ್ಲ. ಅವರು ಮಕ್ಕಳಲ್ಲ, ಮಕ್ಕಳ ತಂದೆಯರು. ಒಬ್ಬಿಬ್ಬರು ಅಜ್ಜಂದಿರೂ ಇರುತ್ತಾರೆ.

ಮೊಬೈಲಿನ ಕೇಡಿನ ಕುರಿತು ಮದರಸಾದಲ್ಲಿ ನಾವು ಮಾಡಿದ ಉಪದೇಶಗಳಿಗೆ ಲೆಕ್ಕವಿಲ್ಲ. ಒಮ್ಮೆ ಹೀಗೆಯೇ ಹೇಳುತ್ತಿದ್ದಾಗ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, "ಹಜರತ್, ನಮ್ಮ ಅಬ್ಬಾ ಅವರಿಗೆ ಯಾರು ಹೇಳಬೇಕು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆ ರಾತ್ರಿ ಕುತೂಹಲಕ್ಕೆ ನಮ್ಮದೇ ಫೋನಿನ ಲೆಕ್ಕ ತೆಗೆದು ನೋಡಿದಾಗ ನಗು ಉಳಿಯಲಿಲ್ಲ. ಅಂದಿನ ದಿನ ಪರದೆಯ ಮುಂದೆ ಕಳೆದ ಹೊತ್ತು 4 ಗಂಟೆ 50 ನಿಮಿಷ. ಅದರಲ್ಲಿ ಪಾಠಕ್ಕೆ ಬೇಕಾದದ್ದನ್ನು ಹುಡುಕಿದ್ದು ಅರ್ಧ ಗಂಟೆಯೂ ಇರಲಾರದು.

ಮಕ್ಕಳನ್ನು ಗದರಿಸಲು ತಾಯಿ, ತಂದೆ, ಶಿಕ್ಷಕರು ಎಲ್ಲರೂ ಇದ್ದಾರೆ. ನಲವತ್ತು ದಾಟಿದವನಿಗೆ ಯಾರೂ ಇಲ್ಲ. ಅವನ ಪಾಲಿಗೆ ಎಚ್ಚರಿಕೆ ಬರುವುದು ರಕ್ತಪರೀಕ್ಷೆಯ ಚೀಟಿಯಲ್ಲಿ. ನಮಗೂ ಹಾಗೆಯೇ ಬಂತು: ಸಕ್ಕರೆ ಇನ್ನೂ ಕಾಯಿಲೆಯಾಗಿಲ್ಲ, ಅಂಚಿನಲ್ಲಿದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ ಊಟದ ಕುರಿತಾಗಿರಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಕುಳಿತಿರುತ್ತೀರಿ?" ಎಂದರು.

ಈ ಪ್ರಶ್ನೆ ಹೊಸದೇನಲ್ಲ. 1953ರಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಸಾರಿಗೆ ನೌಕರರ ಅಧ್ಯಯನವೊಂದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡಂತಸ್ತಿನ ಬಸ್ಸಿನಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಾನೆ. ನಿರ್ವಾಹಕ ಮೆಟ್ಟಿಲು ಹತ್ತಿಳಿಯುತ್ತಿರುತ್ತಾನೆ. ಬಸ್ಸು ಒಂದೇ, ಊರು ಒಂದೇ. ಆದರೂ ಹೃದ್ರೋಗ ಚಾಲಕರಲ್ಲಿ ಹೆಚ್ಚಾಗಿತ್ತು, ನಿರ್ವಾಹಕರಲ್ಲಿ ಕಡಿಮೆಯಿತ್ತು. (ನಮ್ಮ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಲ್ಲಿ ನಿರ್ವಾಹಕರೇ ಇಲ್ಲ, ಆ ಮಾತು ಬೇರೆ.) ಇಂದು ನಮ್ಮ ಬಳಗದಲ್ಲಿ ಆ ಚಾಲಕನಂತೆ ಬದುಕುವವರೇ ಹೆಚ್ಚು. ಆಟೋ ಓಡಿಸುವವರು, ಹೊಲಿಗೆ ಯಂತ್ರದ ಮುಂದಿರುವವರು, ಅಂಗಡಿಯ ಗಲ್ಲಾದಲ್ಲಿ ಕೂರುವವರು ಹೊಟ್ಟೆಪಾಡಿಗಾಗಿ ಹತ್ತು ಗಂಟೆ ಕುಳಿತಿರಲೇಬೇಕು. ಅದನ್ನು ತಪ್ಪೆನ್ನಲಾಗದು. ಆದರೆ ಮನೆಗೆ ಬಂದ ಮೇಲೆ ಅದೇ ಬೆನ್ನು, ಅದೇ ಮೊಣಕಾಲುಗಳನ್ನು ಮತ್ತೆ ಮೂರು ಗಂಟೆ ಮಡಚಿಟ್ಟು, ಅದಕ್ಕೆ ವಿಶ್ರಾಂತಿ ಎಂದು ಹೆಸರಿಡುತ್ತೇವೆ.

ನಮ್ಮ ಮಸೀದಿಯ ಕೊನೆಯ ಸಾಲಿನಲ್ಲಿ ಹಿಂದೆ ಎರಡು ಕುರ್ಚಿಗಳಿದ್ದವು, ಇಂದು ಹನ್ನೊಂದು. ಕುಳಿತು ನಮಾಝ್ ಮಾಡಲು ಅಶಕ್ತರಿಗೆ ಧರ್ಮವೇ ಅನುಮತಿ ನೀಡಿದೆ, ಯಾರ ನೋವನ್ನೂ ನಾವು ಶಂಕಿಸುವುದಿಲ್ಲ. ಆದರೆ ಆ ಕುರ್ಚಿಗಳಲ್ಲಿ ಐವತ್ತು ತುಂಬದವರನ್ನು ಕಂಡಾಗ ಎದೆ ಭಾರವಾಗುತ್ತದೆ. ಸುಜೂದಿಗೆ ಬಾಗಲಾಗದ ಮೊಣಕಾಲಿನ ಮುಂದೆ ಬದುಕಿನ ಗುಣಮಟ್ಟ ಎಂಬ ದೊಡ್ಡ ಮಾತಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಾಕಷ್ಟು ದೇಹಶ್ರಮವಿಲ್ಲದ ವಯಸ್ಕರು ಭಾರತದಲ್ಲಿ 2000ದಲ್ಲಿ ಶೇ. 22ರಷ್ಟಿದ್ದರು, 2022ರ ವೇಳೆಗೆ ಸುಮಾರು ಅರ್ಧಕ್ಕೆ ತಲುಪಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳನ್ನು 10.1 ಕೋಟಿ ಎಂದೂ, ನಮ್ಮಂತೆ ಅಂಚಿನಲ್ಲಿರುವವರನ್ನು 13.6 ಕೋಟಿ ಎಂದೂ ಅಂದಾಜಿಸಿತು.

"ಐದು ಹೊತ್ತಿನ ನಮಾಝೇ ವ್ಯಾಯಾಮವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಅಲ್ಲ ಎಂಬುದೇ ನಮ್ಮ ಉತ್ತರ. ನಮಾಝ್ ಇಬಾದತ್, ಅದನ್ನು ಕಸರತ್ತಿನ ಮಟ್ಟಕ್ಕೆ ಇಳಿಸುವುದು ಸಲ್ಲದು. ಅದು ಕೀಲುಗಳನ್ನು ಆಡಿಸುತ್ತದೆ ನಿಜ, ಆದರೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬೇಕೆಂದು ವೈದ್ಯರು ಹೇಳುವ, ಉಸಿರು ಚುರುಕಾಗುವಂಥ ನಡಿಗೆಯ ಕೆಲಸವನ್ನು ಅದು ಮಾಡುವುದಿಲ್ಲ. ಮಸೀದಿಗೆ ನಡೆದು ಹೋದರೆ ಆ ಕೆಲಸದಲ್ಲಿ ಒಂದು ಪಾಲಾದರೂ ಆದೀತು. ಎರಡು ಓಣಿಯಾಚೆಯ ಮಸೀದಿಗೆ ಬೈಕಿನಲ್ಲಿ ಬರುವವರು ಮಸೀದಿಯತ್ತ ಇಡುವ ಹೆಜ್ಜೆಗಳ ಪುಣ್ಯದ ಬಗ್ಗೆ ಎಷ್ಟು ಪ್ರವಚನ ಕೇಳಿದ್ದಾರೋ!

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ನಿಶ್ಚಯಿಸಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರನ್ನು ಪ್ರವಾದಿ(ಸ)ರು ತಡೆದು, ದೇಹಕ್ಕೂ ಕಣ್ಣಿಗೂ ಪತ್ನಿಗೂ ಅವರ ಮೇಲೆ ಹಕ್ಕಿದೆ ಎಂದು ನೆನಪಿಸಿದ್ದು ನಮಗೆಲ್ಲ ಗೊತ್ತು. ಆರಾಧನೆಯ ಹೆಸರಿನಲ್ಲಿಯೂ ಕಸಿಯಬಾರದ ಆ ಮೂರು ಹಕ್ಕುಗಳನ್ನು ನಾವು ರೀಲ್ಸ್‌ಗಾಗಿ ಕಸಿಯುತ್ತಿದ್ದೇವೆ. ಇಶಾದ ನಂತರದ ಹರಟೆಯನ್ನೇ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ಹನ್ನೆರಡರವರೆಗೆ ಬೆರಳಾಡಿಸಿ ಮಲಗಿದವನಿಗೆ ಫಜ್ರ್ ದೂರವೇ ಉಳಿಯುತ್ತದೆ. ಪಕ್ಕದಲ್ಲಿದ್ದವಳ ಮಾತು ಅದಕ್ಕೂ ಮೊದಲೇ ದೂರವಾಗಿರುತ್ತದೆ.

ಮಹಿಳೆಯರ ಸ್ಥಿತಿ ಇನ್ನೂ ಕಠಿಣ. ಮೇಲಿನ ಅಂದಾಜಿನಲ್ಲಿ ದೇಹಶ್ರಮದ ಕೊರತೆ ಪುರುಷರಲ್ಲಿ ಶೇ. 42 ಇದ್ದರೆ ಮಹಿಳೆಯರಲ್ಲಿ ಶೇ. 57. ನಮಗಾದರೆ ಮಸೀದಿಯ ದಾರಿಯಿದೆ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ ನಡಿಗೆಗೆ ಹೆಸರಾದ ತಾಣಗಳೇ. ಆದರೆ ಕಮರಿಪೇಟೆಯ ಗೃಹಿಣಿ ನಡೆಯುವುದಕ್ಕಾಗಿ ಅಲ್ಲಿಗೆ ಹೋಗಬೇಕಾದರೆ ಮೊದಲು ಆಟೋ ಹಿಡಿಯಬೇಕು, ಅದಕ್ಕೂ ಮೊದಲು ಮನೆಯವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಕೆಲಸ ಮುಗಿದ ಮೇಲೆ ಆಕೆಗೆ ಉಳಿಯುವ ಒಂದೇ ಕಿಟಕಿ ಮೊಬೈಲ್. ಆಕೆಯನ್ನು ದೂರುವವರು, ಪ್ರವಾದಿ(ಸ)ರು ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದನ್ನೂ ಒಮ್ಮೆ ಸ್ಮರಿಸಲಿ.

ನಮ್ಮ ಮಟ್ಟಿಗೆ, ಇಶಾಕ್ಕೆ ಹೊರಡುವಾಗ ಫೋನನ್ನು ಪಡಸಾಲೆಯ ಗೂಡಿನಲ್ಲಿಟ್ಟು ಫಜ್ರ್‌ವರೆಗೆ ಮುಟ್ಟುವುದಿಲ್ಲ ಎಂದು ಗೊತ್ತುಮಾಡಿಕೊಂಡಿದ್ದೇವೆ. ಮೊದಲ ವಾರ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು; ಎರಡು ಸಲ ನಿಯಮ ಮುರಿದದ್ದೂ ಉಂಟು. ಮನೆಯವರೊಂದಿಗೆ ರಾತ್ರಿ ಊಟದ ಬಳಿಕ ಓಣಿಯಲ್ಲಿ ಅರ್ಧ ಗಂಟೆ ನಡೆಯುತ್ತೇವೆ. ಆರಂಭದಲ್ಲಿ ನೋಡುವವರು ನೋಡಿದರು, ಈಗ ಸಲಾಂ ಹೇಳಿ ಸುಮ್ಮನಾಗುತ್ತಾರೆ.

ಮದರಸಾದ ಬೆಳಗಿನ ತರಗತಿಗಳು ಎಂಟಕ್ಕೆ ಮುಗಿಯುತ್ತವೆ. ಅಸರ್‌ವರೆಗೆ ಅಂಗಳ ಖಾಲಿ. ಸುತ್ತ ಎತ್ತರದ ಗೋಡೆಯಿದೆ, ನೆರಳಿದೆ. ದಿನಕ್ಕೆ ಒಂದು ಗಂಟೆ ಆ ಅಂಗಳವನ್ನು ಓಣಿಯ ತಾಯಂದಿರ ನಡಿಗೆಗೆ ಬಿಟ್ಟುಕೊಡಬಹುದೇ ಎಂಬ ಪ್ರಶ್ನೆಯನ್ನು ಜಮಾಅತ್ ಕಮಿಟಿಯ ಮುಂದಿನ ಸಭೆಯಲ್ಲಿ ಇಡಲಿದ್ದೇವೆ.